ಅಳಿಸಿದ ಟೇಪು, ಉಳಿದ ಹಾಡು

ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸುವುದು ನನ್ನ ಕಸುಬಾಗಿತ್ತು. ಹಾಗಾಗಿ ಬೀಟಲ್ಸ್ ತಂಡದ ‘ಲೈವ್ ಅಟ್ ದ ಬಿಬಿಸಿ’ ಹಾಕಿದಾಗ ಹಾಡಿಗಿಂತ ಮೊದಲು ಅದರ ಹಿಂದಿನ ಟೇಪಿನ ಸುಯ್ಲು ಕಿವಿಗೆ ಬೀಳುತ್ತದೆ.

1962ರಿಂದ 1965ರವರೆಗೆ ಅವರು ಬಿಬಿಸಿ ರೇಡಿಯೋಗಾಗಿ 88 ಹಾಡುಗಳನ್ನು ಒಟ್ಟು 275 ಸಲ ಹಾಡಿದರು. ರೇಡಿಯೋದಲ್ಲಿ ಇಷ್ಟೇ ಹೊತ್ತು ರೆಕಾರ್ಡು ಹಾಕಬೇಕೆಂಬ ಕಟ್ಟುಪಾಡಿತ್ತು. ಉಳಿದ ಹೊತ್ತನ್ನು ಹಾಡುವವರನ್ನೇ ಕರೆಸಿ ತುಂಬಬೇಕಿತ್ತು. ಮೊನೋ ಧ್ವನಿಮುದ್ರಣ, ಗಡಿಬಿಡಿಯ ಕೆಲಸ. ಪ್ರಸಾರ ಮುಗಿದ ಮೇಲೆ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದರು. ಟೇಪು ಉಳಿಸಲೆಂದು ನಾನೂ ಹಾಡುಗಳನ್ನು ಅಳಿಸಿದವನು. ಆ ಸಂಕಟ ಇನ್ನೂ ಹೋಗಿಲ್ಲ.

ಬಿಬಿಸಿ ಹೊರದೇಶದ ಕೇಂದ್ರಗಳಿಗೆಂದು ಒತ್ತಿಸಿದ್ದ ಡಿಸ್ಕುಗಳಲ್ಲಿ ಕೆಲವು ಹಾಡುಗಳು ಬದುಕಿದವು. ಇನ್ನು ಕೆಲವು ಕೇಳುಗರ ಮನೆಯ ಟೇಪುಗಳಲ್ಲಿ ಉಳಿದವು. ಬಿಬಿಸಿ ರೇಡಿಯೋ ನಿರ್ಮಾಪಕ ಕೆವಿನ್ ಹೌಲೆಟ್ ಅವನ್ನು ಹುಡುಕುತ್ತಾ ಹೋದರು. 1994ರಲ್ಲಿ ಆಲ್ಬಮ್ ಬಂತು.

ಡಿಸ್ಕಿನ ಚಟಪಟ ಸದ್ದನ್ನು ಒಂದೊಂದಾಗಿ ತೆಗೆಯಬಹುದು. ಸುಯ್ಲು ಹಾಗಲ್ಲ. ಅದು ಇರುವ ಎತ್ತರದ ಸ್ವರದಲ್ಲೇ ಸಿಂಬಲ್ಲಿನ ಝೇಂಕಾರವಿದೆ, ಗಿಟಾರಿನ ತಂತಿಗೆ ಬೆರಳು ಉಜ್ಜಿದ ಸದ್ದಿದೆ, ಹಾಡುಗಾರನ ಉಸಿರಿದೆ. ಒಂದನ್ನು ಒರೆಸಿದರೆ ಇನ್ನೊಂದೂ ಹೋಗುತ್ತದೆ. ಕೈ ಎಲ್ಲಿ ತಡೆಯಬೇಕೆಂದು ತಿಳಿದವನೇ ಒಳ್ಳೆಯ ಕೆಲಸಗಾರ.

‘ಕೀಪ್ ಯುವರ್ ಹ್ಯಾಂಡ್ಸ್ ಆಫ್ ಮೈ ಬೇಬಿ’ ಹಾಡಿನ ಧ್ವನಿ ಆ ಆಲ್ಬಮ್ಮಿನಲ್ಲಿ ಮಸುಕಾಗಿಯೇ ಇದೆ. ಅದನ್ನು ಹಾಗೇ ಬಿಟ್ಟದ್ದು ಸರಿ. ಏಕೆಂದರೆ ಆ ಹಾಡನ್ನು ಬೀಟಲ್ಸ್ ತಮ್ಮ ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಹಾಡಿಲ್ಲ.