ಹಗ್ಗದಿಂದ ಎಣ್ಣೆಗೆ: ಗೋಕಾಕ ಸೀಮೆಯ ಶಕ್ತಿಸಂವಹನದ ಇತಿಹಾಸ

ಯಂತ್ರಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಶಕ್ತಿಯ ಮೂಲವನ್ನು ಕುರಿತೇ ಬರೆದಿದ್ದಾರೆ. ಜಲಚಕ್ರ, ಉಗಿಯಂತ್ರ, ಡೀಸೆಲ್ ಎಂಜಿನು, ವಿದ್ಯುತ್ತು ಎಂಬ ಕ್ರಮದಲ್ಲಿ ಅವರ ಅಧ್ಯಾಯಗಳು ಸಾಗುತ್ತವೆ. ಮೂಲದಲ್ಲಿ ಹುಟ್ಟಿದ ಶಕ್ತಿ ಕೆಲಸ ನಡೆಯುವ ಸ್ಥಳವನ್ನು ಯಾವ ಸಾಧನದಿಂದ ಮುಟ್ಟಿತು ಎಂಬ ಪ್ರಶ್ನೆಗೆ ಅಡಿಟಿಪ್ಪಣಿಯಲ್ಲಿ ಸ್ಥಳ ದೊರೆತರೆ ಹೆಚ್ಚು. ಆದರೆ ಗಿರಣಿಯನ್ನು ಎಲ್ಲಿ ಕಟ್ಟಬಹುದು, ಯಂತ್ರವು ಯಾವ ಹೊಲಕ್ಕೆ ಇಳಿಯಬಲ್ಲದು, ಕೆಟ್ಟು ನಿಂತಾಗ ಅದನ್ನು ಸರಿಪಡಿಸುವವರು ಯಾರು ಎಂಬುದನ್ನೆಲ್ಲ ನಿರ್ಣಯಿಸಿದ್ದು ನಡುವಣ ಈ ಅಂಗವೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಈ ಅಂಗದ ಚರಿತ್ರೆಯ ಮುಖ್ಯ ಘಟ್ಟಗಳೆಲ್ಲ ಹೆಚ್ಚುಕಡಿಮೆ ಒಂದೇ ನದಿಯ ಆಸುಪಾಸಿನಲ್ಲಿ ಕಾಣಸಿಗುತ್ತವೆ. ಅವನ್ನು ದುರಸ್ತಿಯ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಎತ್ತಿನ ಕಪಿಲೆಯಿಂದ ತೊಡಗಬಹುದು. ಇಳಿಜಾರಿನಲ್ಲಿ ನಡೆಯುವ ಜೋಡೆತ್ತುಗಳ ಬಲ ಹಗ್ಗದ ಮೂಲಕ ರಾಟೆಯನ್ನು ಹಾಯ್ದು ಬಾವಿಯ ತಳಕ್ಕೆ ಇಳಿಯುತ್ತಿತ್ತು. ಹಗ್ಗವನ್ನು ಹೊಸೆದವನು ಒಕ್ಕಲಿಗ, ರಾಟೆಯನ್ನು ಕೆತ್ತಿದವನು ಬಡಗಿ, ತೊಗಲ ಬಾನಿಯನ್ನು ಹೊಲಿದವನು ಸಮಗಾರ. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಕಟ್ಟಿಕೊಡುವವನು ಊರಿನಲ್ಲೇ ಇದ್ದನು. ಮುಂದೆ ಹೇಳುವುದನ್ನೆಲ್ಲ ಈ ಸ್ಥಿತಿಗೆ ಹೋಲಿಸಿ ನೋಡಬೇಕಾಗಿದೆ.

ಘಟಪ್ರಭೆಯು ಗೋಕಾಕದ ಬಳಿ ಸುಮಾರು ೫೨ ಮೀಟರು ಎತ್ತರದಿಂದ ಧುಮುಕುತ್ತದೆ. ಈ ಜಲಪಾತದ ಬಲದಿಂದ ಹತ್ತಿ ನೂಲುವ ಗಿರಣಿಯೊಂದನ್ನು ನಡೆಸಬೇಕೆಂದು ೧೮೮೫ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಸ್ಥಾಪಿತವಾಯಿತು. ೧೮೮೭ರಲ್ಲಿ ಗಿರಣಿಯು ಕೆಲಸ ತೊಡಗಿತು. ಈ ಪ್ರದೇಶ ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ನೀರಿನ ಬಲ ದೊರೆಯುವುದು ಕೆಳಗೆ, ಪ್ರಪಾತದ ಬುಡದಲ್ಲಿ. ಗಿರಣಿಯನ್ನು ಕಟ್ಟಲು ಸಮತಟ್ಟಾದ ನೆಲವಿದ್ದುದು ಮೇಲೆ, ಬಂಡೆಯ ನೆತ್ತಿಯಲ್ಲಿ. ಒಂದರ ಶಕ್ತಿಯನ್ನು ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಅದಕ್ಕೆ ಆರಿಸಿಕೊಂಡ ಉಪಾಯ ಕಪಿಲೆಯ ಉಪಾಯವೇ: ಹಗ್ಗ ಮತ್ತು ರಾಟೆ. ಕೆಳಗಿನ ಜಲಚಕ್ರಗಳು ತಿರುಗಿಸಿದ ದೊಡ್ಡ ರಾಟೆಗಳಿಂದ ಹಗ್ಗಗಳು ಮೇಲೇರಿ ಗಿರಣಿಯ ದಂಡಗಳನ್ನು ತಿರುಗಿಸುತ್ತಿದ್ದವು.

ಈ ವಿಧಾನದ ತವರು ಫ್ರಾನ್ಸಿನ ಅಲ್ಸಾಸ್ ಪ್ರಾಂತ. ಅಲ್ಲಿನ ಕೋಲ್ಮಾರ್ ಪಟ್ಟಣದ ಬಳಿಯ ಲೋಗೆಲ್‌ಬಾಕ್ ಎಂಬಲ್ಲಿ ಹಿರ್ನ್ ಸಹೋದರರು ೧೮೫೦ರಲ್ಲಿ ಇದನ್ನು ಮೊದಲು ಪ್ರಯೋಗಿಸಿದರು. ೧೮೬೦ರ ದಶಕದಲ್ಲಿ ಸ್ವಿಟ್ಸರ್ಲೆಂಡಿನ ಶಾಫ್‌ಹೌಸನ್ ನಗರದಲ್ಲಿ ರೈನ್ ನದಿಯ ಬಲವನ್ನು ಉಕ್ಕಿನ ತಂತಿಹಗ್ಗಗಳ ಮೇಲೆ ನದಿಯಾಚೆಗಿನ ಕಾರ್ಖಾನೆಗಳಿಗೆ ಹಂಚಲಾಯಿತು. ಇದರ ತತ್ತ್ವ ಸರಳವಾದುದು. ಶಕ್ತಿಯೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ವೇಗವನ್ನು ಹೆಚ್ಚಿಸಿದಷ್ಟೂ ಬೇಕಾಗುವ ಎಳೆತ ಕಡಿಮೆಯಾಗುತ್ತದೆ. ಆದುದರಿಂದ ಬೆರಳುಗಾತ್ರದ ಹಗ್ಗವೂ ಓಟದ ಭರದಲ್ಲಿ ನೂರಾರು ಕುದುರೆಗಳ ಬಲವನ್ನು ಒಯ್ಯಬಲ್ಲದು. ಹಗ್ಗದ ಶತ್ರು ಎಳೆತವಲ್ಲ, ಬಾಗುವಿಕೆ. ರಾಟೆಯನ್ನು ಸುತ್ತುವಾಗಲೆಲ್ಲ ಎಳೆಗಳು ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ ದಣಿದು ಹರಿಯುತ್ತವೆ. ಆದ ಕಾರಣ ಎಳೆಗಳನ್ನು ಬಿಡಿಸಿ ಹೆಣೆದು ಹರಿದ ಹಗ್ಗವನ್ನು ಜೋಡಿಸುವುದು ಈ ಪದ್ಧತಿಯಿದ್ದೆಡೆಯೆಲ್ಲ ಒಂದು ಪ್ರತ್ಯೇಕ ಕಸುಬಾಯಿತು. ಆದರೂ ಅದು ಕೈಯ ಕಸುಬು. ಹಗ್ಗ ಸವೆಯುತ್ತಿರುವುದನ್ನು ಕಾವಲುಗಾರನೂ ಕಾಣಬಲ್ಲವನಾಗಿದ್ದನು.

ಹಗ್ಗದ ಕಾಲ ಬಹುದಿನ ನಡೆಯಲಿಲ್ಲ. ಶಕ್ತಿಯನ್ನು ತಂತಿಯೊಳಗೆ ಕಳುಹಿಸಲು ಬಂದಮೇಲೆ ತಂತಿಯನ್ನೇ ಓಡಿಸುವ ಅಗತ್ಯವಿರಲಿಲ್ಲ. ವಿದ್ಯುತ್ತಿನ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದನ್ನು ಬರೆದವರು ಅನೇಕರಿದ್ದಾರೆ. ಹುಕ್ಕೇರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಮಾತ್ರ ಬಿಡುವಂತಿಲ್ಲ. ೧೯೬೯ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮವು ಹುಟ್ಟಿದ ಹೊಸದರಲ್ಲಿ ಭಾರತದಲ್ಲಿ ಪ್ರಯೋಗಾರ್ಥವಾಗಿ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳನ್ನು ತೆರೆಯಲಾಯಿತು. ಆಂಧ್ರದ ಸಿರ್ಸಿಲ್ಲಾ, ಗುಜರಾತದ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಇವುಗಳೊಡನೆ ಮೈಸೂರು ರಾಜ್ಯದಿಂದ ಆಯ್ಕೆಯಾದದ್ದು ಹುಕ್ಕೇರಿ. ಶಕ್ತಿಯ ಮೂಲ ಎಲ್ಲಿಯೇ ಇರಲಿ, ಅದನ್ನು ಹಂಚುವ ತಂತಿ ಬಳಕೆದಾರರದೇ ಆಗಿರಬೇಕೆಂಬ ವಿಚಾರ ಅದರ ಹಿಂದೆ ಇತ್ತು. ನಡುವಣ ಅಂಗದ ಒಡೆತನವು ಒಂದು ಸಾಮಾಜಿಕ ಪ್ರಶ್ನೆಯೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ.

ಇನ್ನು ಎಣ್ಣೆಯ ವಿಚಾರಕ್ಕೆ ಬರೋಣ. ಗಿರಣಿಗೂ ಮನೆಗೂ ವಿದ್ಯುತ್ತು ಸಾಕಾಯಿತು. ಆದರೆ ಹೊಲದಲ್ಲಿ ಚಲಿಸುವ ಯಂತ್ರದ ಹಿಂದೆ ತಂತಿಯನ್ನು ಎಳೆದುಕೊಂಡು ಹೋಗಲು ಬರುವುದಿಲ್ಲ. ಅಲ್ಲಿ ಎಂಜಿನಿನಿಂದ ಗಾಲಿಗೆ ಬಲವನ್ನು ಮುಟ್ಟಿಸುವ ಕೆಲಸವನ್ನು ಹಲ್ಲುಗಾಲಿಗಳು ಮಾಡುತ್ತಿದ್ದವು, ಇಂದಿಗೂ ಬಹುತೇಕ ಟ್ರಾಕ್ಟರುಗಳಲ್ಲಿ ಅವೇ ಮಾಡುತ್ತಿವೆ. ಅವಕ್ಕೆ ಬದಲಾಗಿ ಮುಚ್ಚಿದ ಕೊಳವೆಯೊಳಗಿನ ದ್ರವದ ಒತ್ತಡದಿಂದಲೇ ಬಲವನ್ನು ಸಾಗಿಸುವ ಏರ್ಪಾಟಿಗೆ ಹೈಡ್ರೋಸ್ಟ್ಯಾಟಿಕ್ ಸಂವಹನವೆಂದು ಹೆಸರು. ಮುಚ್ಚಿದ ಪಾತ್ರೆಯಲ್ಲಿ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮ ಹದಿನೇಳನೆಯ ಶತಮಾನದ್ದು. ಜೋಸೆಫ್ ಬ್ರಾಮನು ಇಂಗ್ಲೆಂಡಿನಲ್ಲಿ ತನ್ನ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು ೧೭೯೫ರಲ್ಲಿ. ನೀರಿನ ಬದಲು ಎಣ್ಣೆಯನ್ನು ಬಳಸಿ, ವೇಗವನ್ನು ಬೇಕಾದಂತೆ ಏರಿಸಿ ಇಳಿಸಬಲ್ಲ ಪಂಪನ್ನೂ ಮೋಟಾರನ್ನೂ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ರೆನಾಲ್ಡ್ ಜಾನಿ ರೂಪಿಸಿದನು. ಅದು ಮೊದಲು ದುಡಿದದ್ದು ಯುದ್ಧನೌಕೆಗಳ ಫಿರಂಗಿಗಳನ್ನು ಏರಿಳಿಸಲು. ಹೊಲಕ್ಕೆ ಅದು ಬರಲು ಅರ್ಧ ಶತಮಾನ ಹಿಡಿಯಿತು. ೧೯೫೪ರಲ್ಲಿ ಇಂಗ್ಲೆಂಡಿನ ಸಿಲ್ಸೋ ಎಂಬಲ್ಲಿನ ರಾಷ್ಟ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯು ಈ ಬಗೆಯ ಪ್ರಾಯೋಗಿಕ ಟ್ರಾಕ್ಟರನ್ನು ತೋರಿಸಿತು. ೧೯೬೭ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯು ಅಂಥದನ್ನು ಮಾರಾಟಕ್ಕೆ ತಂದಿತು. ಅದೇ ದಶಕದಲ್ಲಿ ಆ ದೇಶದ ಮನೆಗಳ ಹುಲ್ಲುಹಾಸನ್ನು ಕೂತು ಕತ್ತರಿಸುವ ಚಿಕ್ಕ ಸವಾರಿಯಂತ್ರಗಳಿಗೂ ಇದು ಇಳಿಯಿತು. ಅಲ್ಲಿಂದೀಚೆಗೆ ಜಗತ್ತಿನಲ್ಲಿ ಇದರ ಅತ್ಯಂತ ಸಾಮಾನ್ಯ ರೂಪಗಳಲ್ಲಿ ಆ ಹುಲ್ಲುಯಂತ್ರವೂ ಒಂದು.

ನಮ್ಮ ಸೀಮೆಗೆ ಇದು ಬಂದದ್ದು ಹುಲ್ಲಿಗಾಗಿ ಅಲ್ಲ, ಕಬ್ಬಿಗಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಧೂಪದಾಳದ ಒಡ್ಡು, ಅನಂತರ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ಇವುಗಳ ನೀರಿನಿಂದ ಘಟಪ್ರಭೆಯ ದಂಡೆ ಕಬ್ಬಿನ ನಾಡಾಯಿತು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಭಾಗದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗಳು ಆ ಬೆಳೆಯನ್ನು ನಂಬಿ ಎದ್ದವು. ಕಬ್ಬನ್ನು ಕಡಿಯುವ ಕೆಲಸ ಮುಂಗಡ ಪಡೆದು ಬರುವ ಗ್ಯಾಂಗುಗಳದು. ಈ ಶತಮಾನದಲ್ಲಿ ಅವುಗಳ ಜೊತೆಗೆ ಕಟಾವು ಯಂತ್ರಗಳೂ ಹೊಲಕ್ಕಿಳಿದಿವೆ. ಈ ಯಂತ್ರದಲ್ಲಿ ಗಾಲಿಗಳನ್ನು ಉರುಳಿಸುವುದು, ಬುಡ ಕಡಿಯುವ ಅಲಗುಗಳನ್ನು ತಿರುಗಿಸುವುದು, ಗಣೆಯನ್ನು ತುಂಡರಿಸುವುದು, ತುಂಡುಗಳನ್ನು ಮೇಲೆತ್ತಿ ಟ್ರೇಲರಿಗೆ ಸುರಿಯುವುದು ಎಲ್ಲವೂ ಎಣ್ಣೆಯ ಒತ್ತಡದಿಂದಲೇ.

ಇದರ ಒಳರಚನೆಯನ್ನು ತಿಳಿಯದೆ ಇದರ ಇತಿಹಾಸ ಅರ್ಥವಾಗದು. ಎಂಜಿನು ತಿರುಗಿಸುವ ದಿಂಡಿನಲ್ಲಿ ವರ್ತುಲಾಕಾರವಾಗಿ ಕೊರೆದ ರಂಧ್ರಗಳಿರುತ್ತವೆ. ಒಂದೊಂದರಲ್ಲಿಯೂ ಒಂದು ಪಿಸ್ಟನ್ನು. ಅವುಗಳ ಸಂಖ್ಯೆ ವಾಡಿಕೆಯಾಗಿ ಬೆಸ: ಐದು, ಏಳು ಇಲ್ಲವೆ ಒಂಬತ್ತು. ಎಣ್ಣೆಯ ಹರಿವು ಬಡಿತವಿಲ್ಲದೆ ಒಂದೇ ಸಮನಾಗಿರಲೆಂದು ಹೀಗೆ ಮಾಡುತ್ತಾರೆ. ಪಿಸ್ಟನ್ನುಗಳ ಪಾದಗಳು ಒಂದು ಓರೆ ತಟ್ಟೆಯ ಮೇಲೆ ಜಾರುತ್ತವೆ. ತಟ್ಟೆ ನೆಟ್ಟಗಿದ್ದರೆ ಪಿಸ್ಟನ್ನುಗಳು ಮುಂದೆ ಹಿಂದೆ ಆಡುವುದಿಲ್ಲ, ಎಣ್ಣೆ ಹರಿಯುವುದಿಲ್ಲ, ಗಾಡಿ ನಿಲ್ಲುತ್ತದೆ. ತಟ್ಟೆ ಒಂದು ಕಡೆಗೆ ವಾಲಿದರೆ ಗಾಡಿ ಮುಂದಕ್ಕೆ, ಇನ್ನೊಂದು ಕಡೆಗೆ ವಾಲಿದರೆ ಹಿಂದಕ್ಕೆ. ಗೇರು ಬದಲಿಸುವ ಪ್ರಮೇಯವೇ ಇಲ್ಲ. ಹಿರ್ನನ ಹಗ್ಗ ವೇಗವನ್ನು ಏರಿಸಿ ಬಲವನ್ನು ಇಳಿಸಿತು. ಎಣ್ಣೆಯ ಪೆಟ್ಟಿಗೆಯು ಸ್ವಲ್ಪವೇ ಎಣ್ಣೆಯನ್ನು ಅತ್ಯಧಿಕ ಒತ್ತಡದಲ್ಲಿ ಕಳುಹಿಸುತ್ತದೆ. ದೊಡ್ಡ ಯಂತ್ರಗಳಲ್ಲಿ ಈ ಒತ್ತಡ ೩೫೦ ಬಾರ್‌ವರೆಗೂ ಏರುತ್ತದೆ. ಅಷ್ಟನ್ನು ನೀರಿನ ಎತ್ತರದಿಂದ ಪಡೆಯಬೇಕಾದರೆ ಗೋಕಾಕದಂಥ ಸುಮಾರು ಎಪ್ಪತ್ತು ಜಲಪಾತಗಳನ್ನು ಒಂದರ ಮೇಲೊಂದು ಇಟ್ಟಂತಾಗಬೇಕು. ಹುಲ್ಲು ಕತ್ತರಿಸುವ ಚಿಕ್ಕ ಯಂತ್ರಗಳಲ್ಲಿ ಒತ್ತಡ ಬಹಳ ಕಡಿಮೆ. ರಚನೆ ಮಾತ್ರ ಅದೇ. ಈ ಸೌಕರ್ಯಕ್ಕೆ ಬೆಲೆಯಿಲ್ಲದೆ ಇಲ್ಲ. ಎಂಜಿನು ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಭಾಗ ಎಣ್ಣೆಯ ಬಿಸಿಯಾಗಿ ಹೋಗುತ್ತದೆ. ಹಲ್ಲುಗಾಲಿಗಳಲ್ಲಿ ನಷ್ಟ ಇದಕ್ಕಿಂತ ಎಷ್ಟೋ ಕಡಿಮೆ.

ಇಷ್ಟು ಒತ್ತಡದ ಎಣ್ಣೆ ಸೋರಿಹೋಗದಂತೆ ತಡೆಯುವುದು ರಬ್ಬರಿನ ಬಳೆಯಲ್ಲ, ಲೋಹಕ್ಕೂ ಲೋಹಕ್ಕೂ ನಡುವಣ ಕೆಲವೇ ಮೈಕ್ರಾನುಗಳ ಸಂದು. ಕೂದಲೆಳೆಯ ದಪ್ಪಕ್ಕಿಂತಲೂ ಹಲವು ಪಟ್ಟು ಕಿರಿದಾದ ಈ ಸಂದಿನಲ್ಲಿ ನಿಂತ ಎಣ್ಣೆಯ ಪೊರೆಯ ಮೇಲೆಯೇ ಎಲ್ಲವೂ ಜಾರುತ್ತದೆ. ಅದರೊಳಕ್ಕೆ ಹೊಕ್ಕ ಮರಳಿನ ಕಣ ಕವಾಟದ ತಟ್ಟೆಯ ಮೇಲೆ ಗೀರೆಳೆಯುತ್ತದೆ; ಗೀರಿನಲ್ಲಿ ಎಣ್ಣೆ ನುಸುಳುತ್ತದೆ; ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ನಡೆದ ಯಂತ್ರ ಬಿಸಿಯೇರಿದಂತೆ ಬಲಗುಂದುತ್ತದೆ. ಈ ರೋಗಕ್ಕೆ ಇದೇ ಮೊದಲ ಲಕ್ಷಣ. ಬಿಚ್ಚಿ ಕಟ್ಟುವವನು ಮೊದಲು ಪೆಟ್ಟಿಗೆಯ ಹೊರಮೈಯನ್ನು ತೊಳೆದು ಒರೆಸಬೇಕು. ಒಂದೊಂದು ಪಿಸ್ಟನ್ನನ್ನೂ ಅದರದೇ ರಂಧ್ರಕ್ಕೆ ಮರಳಿಸುವಂತೆ ಗುರುತು ಹಾಕಬೇಕು. ಕವಾಟದ ತಟ್ಟೆಯನ್ನೂ ದಿಂಡಿನ ಮುಖವನ್ನೂ ಉಗುರು ತಗಲದಷ್ಟು ನುಣುಪಾಗಿವೆಯೇ ಎಂದು ಪರೀಕ್ಷಿಸಿ, ಗೀರಿದ್ದರೆ ಸಪಾಟಾಗಿ ಉಜ್ಜಿಸಬೇಕು. ಪಾದಗಳ ಸಡಿಲ, ಸ್ಪ್ರಿಂಗುಗಳ ಬಿಗಿ, ಎಣ್ಣೆಯ ಕೊರತೆ ತುಂಬುವ ಪೂರಕ ಪಂಪು ಇವನ್ನು ನೋಡಿ, ಬಳೆಗಳನ್ನೆಲ್ಲ ಹೊಸದಾಗಿ ಹಾಕಬೇಕು. ಬಟ್ಟೆಯ ನೂಲಿನೆಳೆಯೂ ಒಳಗುಳಿಯಬಾರದು. ಮರಳಿ ಕೂಡಿಸಿದ ಮೇಲೆ ಒಣಪೆಟ್ಟಿಗೆಯನ್ನು ತಿರುಗಿಸಿದರೆ ಆರಂಭದ ಕೆಲವು ಕ್ಷಣಗಳಲ್ಲೇ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಅದಕ್ಕೆ ಮೊದಲೇ ಎಣ್ಣೆ ತುಂಬಿ, ಗಾಲಿಗಳನ್ನು ನೆಲದಿಂದ ಎತ್ತಿ, ಸನ್ನೆಯನ್ನು ನಿಧಾನವಾಗಿ ಮುಂದೆ ಹಿಂದೆ ಆಡಿಸಿ ಒಳಗಿನ ಗಾಳಿಯನ್ನು ಹೊರಗಟ್ಟಬೇಕು. ಬೈಪಾಸ್ ಕವಾಟವನ್ನು ತೆರೆಯದೆ ಗಾಡಿಯನ್ನು ಎಳೆದೊಯ್ಯುವುದೂ ಅಷ್ಟೇ ಅಪಾಯಕರ. ನಿತ್ಯದ ಪಾಲನೆಯೆಂದರೆ ಸೋಸುಕವನ್ನು ಕಾಲಕಾಲಕ್ಕೆ ಬದಲಿಸುವುದು, ಎಣ್ಣೆಯನ್ನು ತಂಪಾಗಿಸುವ ಜಾಲರಿಗೆ ಮೆತ್ತಿದ ರವದಿಯನ್ನು ದಿನವೂ ತೆಗೆಯುವುದು. ಹುಲ್ಲುಯಂತ್ರದಲ್ಲಿ ಹುಲ್ಲಿನ ಹೊಟ್ಟು ಮಾಡುವ ಕೇಡನ್ನು ಇಲ್ಲಿ ರವದಿಯೂ ಎರೆಮಣ್ಣಿನ ದೂಳೂ ಸೇರಿ ಮಾಡುತ್ತವೆ.

ಇಲ್ಲಿ ಇತಿಹಾಸಕಾರನ ಪ್ರಶ್ನೆ ಏಳುತ್ತದೆ. ಹಗ್ಗದ ಸವಕಳಿ ಹೊರಗೆ ಕಾಣುತ್ತಿತ್ತು, ಎಣ್ಣೆಯ ಪೆಟ್ಟಿಗೆಯ ಸವಕಳಿ ಒಳಗೆ ಅಡಗಿದೆ. ಅಂದಮೇಲೆ ದುರಸ್ತಿಯ ವಿದ್ಯೆ ಹಳ್ಳಿಯ ಕೈಬಿಟ್ಟಿತೆಂದು ತೀರ್ಮಾನಿಸಬಹುದೆ? ಹಾಗೆಂದು ವಾದಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ. ಚಿಕ್ಕ ಯಂತ್ರಗಳ ಕೆಲವು ಪೆಟ್ಟಿಗೆಗಳನ್ನು ಬಿಚ್ಚಲೇಬಾರದು, ಕೆಟ್ಟರೆ ಇಡಿಯಾಗಿ ಬದಲಿಸಬೇಕೆಂಬ ಅಭಿಪ್ರಾಯದಿಂದಲೇ ತಯಾರಿಸುತ್ತಾರೆ. ಕಟಾವು ಯಂತ್ರವು ಹಂಗಾಮಿನ ನಡುವೆ ನಿಂತರೆ ನಷ್ಟ ಯಂತ್ರದವನದು ಮಾತ್ರವಲ್ಲ. ತುಂಡರಿಸಿದ ಕಬ್ಬು ಇಡೀ ಗಣೆಗಿಂತ ಬೇಗ ಕೆಡುತ್ತದೆ, ಅದನ್ನು ತಡಮಾಡದೆ ನುರಿಸಬೇಕು. ಅರ್ಧ ಕಡಿದ ಹೊಲದ ರೈತ ಕಾರ್ಖಾನೆಯ ಸರದಿಯನ್ನೂ ಕಳೆದುಕೊಳ್ಳುತ್ತಾನೆ, ಬಿಟ್ಟುಹೋದ ಗ್ಯಾಂಗು ಕರೆದಾಗ ಮರಳಿ ಬರುವುದಿಲ್ಲ.

ಆದರೆ ಈ ಜಿಲ್ಲೆಯ ಚರಿತ್ರೆ ಬೇರೆ ಮಾತನ್ನೂ ಹೇಳುತ್ತದೆ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು; ಪರದೇಶದ ಸಾಧನವನ್ನು ಕಂಡು, ತಿಳಿದು, ಇಲ್ಲಿನ ಎರಕದಲ್ಲಿ ಅಂಥದನ್ನು ಮಾಡಿಕೊಂಡ ಪರಿ ಅದು. ಅವರು ೧೯೧೦ರಲ್ಲಿ ಕಿರ್ಲೋಸ್ಕರವಾಡಿಗೆ ತೆರಳಿದರೂ ಬೆಳಗಾವಿಯಲ್ಲಿ ಎರಕದ ಮನೆಗಳು ಮುಂದೆ ಒಂದು ದೊಡ್ಡ ಉದ್ಯಮವಾಗಿ ಬೆಳೆದವು. ೧೯೮೧ರಲ್ಲಿ ಸುರೇಶ ಹುಂದ್ರೆಯವರು ಬೆಳಗಾವಿಯಲ್ಲಿ ಪಾಲಿಹೈಡ್ರಾನ್ ಸಂಸ್ಥೆಯನ್ನು ಸ್ಥಾಪಿಸಿ ಎಣ್ಣೆಯ ಪಂಪುಗಳನ್ನೂ ಕವಾಟಗಳನ್ನೂ ತಯಾರಿಸತೊಡಗಿದರು; ಈ ಕಸುಬಿನಲ್ಲಿ ಬೆಳಗಾವಿಗೆ ಇಂದು ಭಾರತದಾದ್ಯಂತ ಹೆಸರಿದೆ. ಅಂದರೆ ಮೈಕ್ರಾನಿನ ಲೆಕ್ಕದಲ್ಲಿ ಲೋಹವನ್ನು ಉಜ್ಜಬಲ್ಲ ಕೈಗಳು ಘಟಪ್ರಭೆಯ ಕಬ್ಬಿನ ಹೊಲಗಳಿಂದ ಬಹಳ ದೂರದಲ್ಲಿಲ್ಲ. ವಿದ್ಯೆಯು ಹಳ್ಳಿಯಿಂದ ಜಿಲ್ಲೆಯ ಪಟ್ಟಣಕ್ಕೆ ಸರಿದಿದೆಯೆಂಬುದು ನಿಜ, ಕಣ್ಮರೆಯಾಗಿದೆಯೆಂಬುದು ನಿಜವಲ್ಲ. ಜೊತೆಗೆ ಟ್ರಾಕ್ಟರಿನ ಹಿಂದಿನ ನೇಗಿಲನ್ನು ಎತ್ತಿ ಇಳಿಸುವ ಸಾಧನವೂ ಟ್ರೇಲರನ್ನು ಓರೆಮಾಡಿ ಸುರುವುವ ಕೊಳವೆಯೂ ಎಣ್ಣೆಯ ಒತ್ತಡದವೇ ಆದುದರಿಂದ, ಮೂಡಲಗಿಯ ರೈತನಿಗೆ ಈ ತತ್ತ್ವ ತೀರ ಅಪರಿಚಿತವಲ್ಲ. ಅಪರಿಚಿತವಾದುದು ಅದು ಬೇಡುವ ಶುಚಿತ್ವದ ಮಟ್ಟ. ಬಾನಿಯಿಂದ ಡಬ್ಬಕ್ಕೆ, ಡಬ್ಬದಿಂದ ಟಾಕಿಗೆ ಎಣ್ಣೆಯನ್ನು ಬಯಲಿನಲ್ಲಿ ಸುರುವುವ ರೂಢಿಯನ್ನು ಹಲ್ಲುಗಾಲಿ ಸಹಿಸಿಕೊಂಡಿತು. ಈ ಪೆಟ್ಟಿಗೆ ಸಹಿಸುವುದಿಲ್ಲ.

ಇಂಥ ಇತಿಹಾಸವನ್ನು ಬರೆಯಲು ಬೇಕಾದ ಆಧಾರಗಳು ಕಡತಗಳಲ್ಲಿ ದೊರೆಯುವುದು ಕಷ್ಟ. ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಯಂತ್ರವನ್ನು ಕೊಂಡ ದಿನ ಇರುತ್ತದೆ, ಕೆಟ್ಟ ದಿನ ಇರುವುದಿಲ್ಲ. ಅದು ಇರುವುದು ದುರಸ್ತಿ ಅಂಗಡಿಯ ಜಮಾಖರ್ಚಿನಲ್ಲಿ, ಎಷ್ಟು ಗಂಟೆಗಳ ದುಡಿಮೆಗೆ ಎಣ್ಣೆ ಬದಲಿಸಿತೆಂದು ಚಾಲಕನು ಗೀಚಿಟ್ಟ ಪುಸ್ತಕದಲ್ಲಿ, ಬದಲಿಸಿ ಮೂಲೆಗೆಸೆದ ಕವಾಟದ ತಟ್ಟೆಗಳಲ್ಲಿ. ಅಂಥ ತಟ್ಟೆಯ ಮೇಲಿನ ಗೀರುಗಳನ್ನು ಬಲ್ಲವನು ಓದಿದರೆ, ಒಳಹೊಕ್ಕದ್ದು ದೂಳೋ, ನೀರೋ, ಹಿಂದಿನ ದುರಸ್ತಿಯಲ್ಲಿ ಉಳಿದ ಲೋಹದ ಚೂರೋ ಎಂಬುದನ್ನು ಹೇಳಬಲ್ಲನು. ಹಂಗಾಮು ಮುಗಿದ ಮೇಲೆ ಇವು ತೂಕಕ್ಕೆ ಗುಜರಿ ಸೇರುವ ಮೊದಲು, ಯಂತ್ರದ ಹೆಸರು, ಊರು, ದುಡಿದ ಗಂಟೆ ಇಷ್ಟನ್ನು ಬರೆದ ಚೀಟಿಯೊಡನೆ ಕೆಲವನ್ನಾದರೂ ಸಂಗ್ರಹಿಸಿಡುವ ಕೆಲಸವನ್ನು ನಮ್ಮ ವಿಭಾಗಗಳು ಕೈಗೊಳ್ಳಬಹುದಾಗಿದೆ.