ಭಾರತೀಯ ವಿಜ್ಞಾನ ಸಂಸ್ಥೆಯ ಸ್ಥಾಪನೆಗೆ ನೆರವಾದ ದಾನಿಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಖಾಸಗಿ ದಾನ ಹಾಗೂ ಸರ್ಕಾರದ ನೆರವು ಒಂದುಗೂಡಿ ರೂಪುಗೊಂಡ ಉನ್ನತ ಶಿಕ್ಷಣ ಕೇಂದ್ರವಾಗಿರುತ್ತದೆ.

ಉದ್ಯಮಿ ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ ಅವರು 1898ರಲ್ಲಿ ಈ ಉದ್ದೇಶಕ್ಕಾಗಿ ಮುಂಬಯಿಯಲ್ಲಿದ್ದ ತಮ್ಮ ಸ್ಥಿರಾಸ್ತಿಗಳನ್ನು ದತ್ತಿಯಾಗಿ ನೀಡಲು ಮುಂದೆ ಬಂದರು. ಇವುಗಳಿಂದ ಬರುವ ವಾರ್ಷಿಕ ಆದಾಯವನ್ನು ಸುಮಾರು 1.25 ಲಕ್ಷ ರೂಪಾಯಿಗಳೆಂದು ಅಂದಾಜಿಸಲಾಗಿತ್ತು. ಸಂಸ್ಥೆಗೆ ತಮ್ಮ ಹೆಸರನ್ನು ಇಡಬಾರದೆಂಬುದು ಅವರ ಇಚ್ಛೆಯಾಗಿತ್ತು. ಆದರೆ ಸರ್ಕಾರದ ಮಂಜೂರಾತಿಯು ವಿಳಂಬವಾಯಿತು. 1904ರ ಮೇ 19ರಂದು ಅವರು ಜರ್ಮನಿಯಲ್ಲಿ ನಿಧನರಾದರು. ಪುತ್ರರಾದ ದೊರಾಬ್‌ಜಿ ಮತ್ತು ರತನ್‌ಜಿ ಅವರು ತಂದೆಯ ವಾಗ್ದಾನದಿಂದ ಹಿಂದೆ ಸರಿಯದೆ ಅದನ್ನು ನೆರವೇರಿಸಿದರು.

ಮೈಸೂರು ಸಂಸ್ಥಾನವು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1907ರಲ್ಲಿ, ಸುಮಾರು 371 ಎಕರೆ ಭೂಮಿಯನ್ನು ಉಚಿತವಾಗಿ ನೀಡಿತಲ್ಲದೆ ಧನಸಹಾಯವನ್ನೂ ಒದಗಿಸಿತು. ಭಾರತ ಸರ್ಕಾರವು 1909ರ ಮೇ 27ರಂದು ಸ್ಥಾಪನೆಯ ಆದೇಶವನ್ನು ಹೊರಡಿಸಿತು. 1911ರಲ್ಲಿ ಸಾಮಾನ್ಯ ರಸಾಯನಶಾಸ್ತ್ರ, ಅನ್ವಯಿಕ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ ವಿಭಾಗಗಳಿಗೆ ಪ್ರಥಮ ತಂಡದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲಾಯಿತು.

ದಾನಿಗಳು ತಮ್ಮ ಹೆಸರನ್ನು ಬಯಸದಿದ್ದರೂ, ನಗರದ ಜನತೆಯು ಈ ಸಂಸ್ಥೆಯನ್ನು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ ವಾಡಿಕೆ ಇರುತ್ತದೆ.