ಗ್ರಂಥಭಂಡಾರವೊಂದು ಲೋಕದ ಮಾತಿಗೆ ಕಿವಿಗೊಟ್ಟ ಇತಿಹಾಸ

ವಿದ್ಯಾಸಂಸ್ಥೆಗಳೂ ಧರ್ಮಸಂಸ್ಥೆಗಳೂ ಸರ್ಕಾರದ ಕಚೇರಿಗಳೂ ಈಗ ಅಂತರ್ಜಾಲದ ಸಾಮಾಜಿಕ ತಾಣಗಳಲ್ಲಿ ತಮ್ಮ ತಮ್ಮ ಹೆಸರಿನ ಪುಟಗಳನ್ನು ತೆರೆದಿರುವುದು ಸರ್ವರಿಗೂ ವಿದಿತವಾದ ಸಂಗತಿಯೇ ಸರಿ. ಆದರೆ ಪುಟವನ್ನು ತೆರೆಯುವುದು ಬೇರೆ. ಅದರ ಮೂಲಕ ಜನರೊಡನೆ ನಡೆದುಕೊಳ್ಳತಕ್ಕ ರೀತಿಯನ್ನು ಅರಿಯುವುದು ಬೇರೆ. ಅನೇಕ ಸಂಸ್ಥೆಗಳು ಆ ಪುಟವನ್ನು ಡಂಗುರದಂತೆ ಬಳಸಿ, ತಮ್ಮ ಸಮಾಚಾರವನ್ನು ಸಾರಿ ಸುಮ್ಮನಾಗುತ್ತವೆ. ಕೇಳಿದವರು ಮರುನುಡಿದುದನ್ನು ಆಲಿಸುವವು ವಿರಳ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ನಿನ ‘ಲೈಬ್ರರಿ ಆಫ್ ಕಾಂಗ್ರೆಸ್’ ಎಂಬ ಗ್ರಂಥಭಂಡಾರವು ಈ ವಿಷಯದಲ್ಲಿ ನಡೆದ ಹಾದಿಯು ವಿಚಾರಾರ್ಹವಾದುದು.

ಈ ಭಂಡಾರವು ಕ್ರಿ. ಶ. 1800ರಲ್ಲಿ ಸ್ಥಾಪಿತವಾಯಿತು. 1814ರಲ್ಲಿ ಬ್ರಿಟಿಷ್ ಸೈನ್ಯವು ನಗರಕ್ಕೆ ಬೆಂಕಿಯಿಟ್ಟಾಗ ಅದರ ಪುಸ್ತಕಗಳು ಅಗ್ನಿಗೆ ಆಹುತಿಯಾದವು. ಮರುವರ್ಷವೇ ಥಾಮಸ್ ಜೆಫರ್ಸನ್ನರ ಸ್ವಂತ ಸಂಗ್ರಹದ 6,487 ಸಂಪುಟಗಳನ್ನು ಕ್ರಯಕ್ಕೆ ಪಡೆದು, ಭಂಡಾರವನ್ನು ಪುನಃ ಕಟ್ಟಲಾಯಿತು. ಅಂದಿನಿಂದ ಅದು ಬೆಳೆಯುತ್ತ ಬಂದು, ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳ ಪಂಕ್ತಿಯಲ್ಲಿ ನಿಂತಿತು.

ಇಂತಹ ಮಹಾಭಂಡಾರದಲ್ಲಿಯೂ ಒಂದು ಕೊರತೆಯಿದ್ದಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಜಾರ್ಜ್ ಗ್ರಾಂಥಮ್ ಬೇನ್ ಎಂಬವರು ನ್ಯೂಯಾರ್ಕಿನಲ್ಲಿ ವೃತ್ತಪತ್ರಿಕೆಗಳಿಗೆ ಛಾಯಾಚಿತ್ರಗಳನ್ನೊದಗಿಸುವ ಸಂಸ್ಥೆಯನ್ನು ನಡೆಸುತ್ತಿದ್ದರು. ಆ ಸಂಸ್ಥೆಯ ಸಾವಿರಾರು ಗಾಜಿನ ಫಲಕಗಳು ಭಂಡಾರವನ್ನು ಸೇರಿದ್ದವು. ಆದರೆ ಎಷ್ಟೋ ಫಲಕಗಳ ಮೇಲೆ ಒಂದೆರಡು ಶಬ್ದಗಳ ಹೊರತು ಬೇರೆ ವಿವರವಿರಲಿಲ್ಲ. ಚಿತ್ರದಲ್ಲಿರುವವರಾರು, ಸ್ಥಳವಾವುದು, ಪ್ರಸಂಗವೇನು ಎಂಬುದು ಪಂಡಿತರಿಗೂ ತಿಳಿಯದೆ ಉಳಿದಿದ್ದಿತು.

2008ನೆಯ ಜನವರಿ 16ರಂದು ಭಂಡಾರದ ಅಧಿಕಾರಿಗಳು ಹೊಸತೊಂದು ಕಾರ್ಯಕ್ಕೆ ಕೈಹಾಕಿದರು. 2004ರಲ್ಲಿ ಆರಂಭವಾಗಿದ್ದ ‘ಫ್ಲಿಕರ್’ ಎಂಬ ಚಿತ್ರತಾಣದಲ್ಲಿ ಸುಮಾರು 3,100 ಛಾಯಾಚಿತ್ರಗಳನ್ನು ಪ್ರಕಟಿಸಿ, ಇವುಗಳ ವಿಷಯವಾಗಿ ತಿಳಿದವರು ತಿಳಿಸಬೇಕೆಂದು ಸಾರ್ವಜನಿಕರನ್ನು ಕೇಳಿಕೊಂಡರು. ಹಕ್ಕುಸ್ವಾಮ್ಯದ ನಿರ್ಬಂಧವು ತಿಳಿದುಬರದ ಚಿತ್ರಗಳನ್ನಷ್ಟೇ ಆರಿಸಿದ್ದುದರಿಂದ, ಯಾರಿಗೂ ಅನ್ಯಾಯವಾಗದಂತೆ ಎಚ್ಚರ ವಹಿಸಿದಂತಾಯಿತು.

ಪಾಮರರೂ ಪಂಡಿತರೂ ಒಂದೆಡೆ ಸೇರಿ ಬರೆಯತೊಡಗಿದರೆ ಅಸತ್ಯವೂ ದುರ್ಭಾಷೆಯೂ ತುಂಬಿ ಭಂಡಾರದ ಘನತೆಗೆ ಕುಂದು ಬರಬಹುದೆಂಬ ಶಂಕೆಯು ಸಹಜವಾದುದೇ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಸಿದ್ಧವಾದ ವರದಿಯು ಬೇರೊಂದು ಕಥೆಯನ್ನು ಹೇಳಿತು. ಅಷ್ಟರೊಳಗೆ ಆ ಚಿತ್ರಗಳು 1 ಕೋಟಿ 4 ಲಕ್ಷ ಸಾರಿ ನೋಡಲ್ಪಟ್ಟಿದ್ದವು. 7,166 ಅಭಿಪ್ರಾಯಗಳೂ 67,176 ಗುರುತು-ಶಬ್ದಗಳೂ ಬಂದಿದ್ದವು. ಇವುಗಳಲ್ಲಿ ಅನುಚಿತವೆಂದು ತೆಗೆದುಹಾಕಬೇಕಾಗಿ ಬಂದ ಬರಹಗಳು 25ಕ್ಕಿಂತಲೂ ಕಡಿಮೆ! ಗೌರವದಿಂದ ಕೇಳಿದವರಿಗೆ ಜನರು ಗೌರವದಿಂದಲೇ ಉತ್ತರವಿತ್ತರು. ಚಿತ್ರದಲ್ಲಿರುವ ಊರನ್ನು ಕೆಲವರು ಗುರುತಿಸಿದರು. ಕೆಲವರು ಹಳೆಯ ಪತ್ರಿಕೆಗಳನ್ನು ಶೋಧಿಸಿ ಪ್ರಸಂಗದ ದಿನಾಂಕವನ್ನು ಗೊತ್ತುಮಾಡಿದರು.

ಆದರೆ ಅಧಿಕಾರಿಗಳು ಬಂದುದನ್ನೆಲ್ಲ ಕಣ್ಣುಮುಚ್ಚಿ ಸ್ವೀಕರಿಸಲಿಲ್ಲ. ಒಂದೊಂದು ಮಾತನ್ನೂ ಪರೀಕ್ಷಿಸಿ, ಪ್ರಮಾಣ ದೊರೆತ ಬಳಿಕವೇ ತಮ್ಮ ಪಟ್ಟಿಯನ್ನು ತಿದ್ದಿದರು. ಹೀಗೆ ಮೊದಲ ವರ್ಷದಲ್ಲಿಯೇ 500ಕ್ಕೂ ಮಿಕ್ಕ ವಿವರಗಳು ಪರಿಷ್ಕೃತವಾದವು. ಆ ತಿಳಿವು ಫ್ಲಿಕರ್ ತಾಣದ ಜನರಿಂದ ಬಂದುದೆಂಬುದನ್ನು ಪಟ್ಟಿಯಲ್ಲಿಯೇ ಬರೆದಿಟ್ಟರು. ಋಣವನ್ನು ಮರೆಯದಿದ್ದುದು ಅವರ ಹಿರಿಮೆ. ಅದೇ ವರ್ಷ ಸಿಡ್ನಿಯ ಪವರ್‌ಹೌಸ್ ವಸ್ತುಸಂಗ್ರಹಾಲಯ, ಅಮೆರಿಕೆಯ ಬ್ರೂಕ್ಲಿನ್ ವಸ್ತುಸಂಗ್ರಹಾಲಯ, ಸ್ಮಿತ್ಸೋನಿಯನ್ ಸಂಸ್ಥೆ ಮೊದಲಾದವು ಇದೇ ಹಾದಿಯನ್ನು ಹಿಡಿದವು.

ಇದೇ ಭಂಡಾರದ ಎರಡನೆಯ ಸಾಹಸವು ಇನ್ನೊಂದು ಪಾಠವನ್ನು ಕಲಿಸಿತು. 2006ರಲ್ಲಿ ಹುಟ್ಟಿ, 2023ರಲ್ಲಿ ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡ ‘ಟ್ವಿಟ್ಟರ್’ ತಾಣದ ಸಮಸ್ತ ಬಹಿರಂಗ ನುಡಿಗಳನ್ನೂ ಮೊದಲಿನಿಂದ ಸಂಗ್ರಹಿಸಿಡುವುದಾಗಿ 2010ರ ಏಪ್ರಿಲಿನಲ್ಲಿ ಭಂಡಾರವು ಪ್ರಕಟಿಸಿತು. 2012ರ ಅಂತ್ಯಕ್ಕೆ ಆ ರಾಶಿಯು ಸುಮಾರು 17,000 ಕೋಟಿ ನುಡಿಗಳಿಗೆ ಮುಟ್ಟಿತು. ಆದರೆ ಮೊದಲ ನಾಲ್ಕು ವರ್ಷಗಳ 2,100 ಕೋಟಿ ನುಡಿಗಳಲ್ಲಿ ಒಂದನ್ನು ಹುಡುಕಬೇಕಾದರೂ 24 ಗಂಟೆಗಳು ಹಿಡಿಯಬಹುದೆಂದು ಭಂಡಾರವೇ 2013ರಲ್ಲಿ ಒಪ್ಪಿಕೊಂಡಿತು. ಕಣಜ ತುಂಬಿದರೂ ಉಣ್ಣಲು ಕಾಳು ಕೈಗೆಟುಕದಂತಾಯಿತು. ಕಡೆಗೆ 2018ನೆಯ ಜನವರಿ 1ರಿಂದ ಎಲ್ಲವನ್ನೂ ಕೂಡಿಡುವುದನ್ನು ಬಿಟ್ಟು, ಮುಖ್ಯವಾದ ಪ್ರಸಂಗಗಳಿಗೆ ಸಂಬಂಧಿಸಿದುದನ್ನು ಮಾತ್ರ ಆರಿಸಿಡುವ ನಿಯಮವನ್ನು ಮಾಡಲಾಯಿತು. ಆರಂಭಿಸಿದ ಕಾರ್ಯವು ತಮ್ಮ ಶಕ್ತಿಗೆ ಮೀರಿದುದೆಂದು ಕಂಡಾಗ ಅದನ್ನು ಬಹಿರಂಗವಾಗಿ ಹೇಳಿ ಮಾರ್ಗವನ್ನು ಬದಲಿಸುವುದು ಅಪಮಾನವಲ್ಲ, ವಿವೇಕ.

ಈ ಎರಡು ಪ್ರಸಂಗಗಳನ್ನು ಕೂಡಿಸಿ ನೋಡಿದರೆ ಸಾರಾಂಶವು ಸ್ಪಷ್ಟವಾಗುವುದು. ಮೊದಲನೆಯದರಲ್ಲಿ ಚಿತ್ರಗಳು ಕೆಲವೇ ಸಾವಿರ. ಆದರೆ ಬಂದ ಮಾತನ್ನು ಓದಿ, ತೂಗಿ, ಉಪಕಾರವನ್ನು ಸ್ಮರಿಸುವವರಿದ್ದರು. ಆದಕಾರಣ ಅದು ಫಲಿಸಿತು. ಎರಡನೆಯದರಲ್ಲಿ ನುಡಿಗಳು ಸಾವಿರಾರು ಕೋಟಿ. ಅಷ್ಟನ್ನೂ ಓದಿ ತೂಗುವುದು ಯಾವ ಮನುಷ್ಯರಿಂದಲೂ ಆಗತಕ್ಕದ್ದಲ್ಲ. ಸಾಮಾಜಿಕ ತಾಣದಲ್ಲಿ ಪುಟವನ್ನು ತೆರೆಯುವ ಯಾವುದೇ ಸಂಸ್ಥೆಯು, ಅದರಿಂದ ಎಷ್ಟು ಜನರನ್ನು ಸೇರಿಸಬಹುದೆಂಬುದಕ್ಕಿಂತ ಮೊದಲು, ಸೇರಿದವರ ಮಾತಿಗೆ ಕುಳಿತು ಕಿವಿಗೊಡುವವರು ತನ್ನಲ್ಲಿ ಎಷ್ಟು ಮಂದಿಯಿರುವರೆಂದು ಎಣಿಸಿಕೊಳ್ಳತಕ್ಕದ್ದು. ತನಗೆ ತಿಳಿಯದುದನ್ನು ತಿಳಿಯದೆಂದು ಹೇಳಿದುದರಿಂದ ಆ ಭಂಡಾರದ ಕೀರ್ತಿಗೆ ಕುಂದೇನೂ ಬರಲಿಲ್ಲ. ನೂರು ವರ್ಷಗಳಿಂದ ಹೆಸರಿಲ್ಲದೆ ಉಳಿದಿದ್ದ ಮುಖಗಳಿಗೆ ಹೆಸರು ಮರಳಿ ದೊರೆಯಿತು.